ರಾಯಚೂರಿಗೆ ಲಾಸ್ಟ್ ಬಸ್ ಮತ್ತು ಯಂಕಣ್ಣನ ಡೊಳ್ಳು

ತೆಲಂಗಾಣ ಬಂದ ವರ್ಷ ನಮ್ಮ ಕಡೆ ಮಳೆಗಿಂತ ಮೊದಲು ಸಿ.ಡಿ.ಗಳು ಬಂದವು. ಗಂಟಲಿದ್ದವರೆಲ್ಲ ಒಂದೊಂದು ಹಾಡಿನ ಸಿ.ಡಿ. ತಂದಿದ್ದರು. ಮಕ್ತಲ್‌ನ ಡ್ರಾಯಿಂಗ್ ಮೇಷ್ಟ್ರು ತಂದಿದ್ದರು, ಬಸ್ ಕಂಡಕ್ಟರೊಬ್ಬ ತಂದಿದ್ದ. ಗದ್ವಾಲದ ಹಲ್ಲಿನ ಡಾಕ್ಟರೊಬ್ಬರು ಹನ್ನೆರಡು ಹಾಡಿನದೊಂದು ತಂದು, ಹಲ್ಲು ಕೀಳಿಸಿಕೊಂಡವರು ಬೇಡ ಎನ್ನಲು ಬಾಯಿ ಬಾರದ ಹೊತ್ತು ನೋಡಿ ಕೈಗೆ ತುರುಕುತ್ತಿದ್ದರು. ಎಲ್ಲದರಲ್ಲೂ ತೆಲಂಗಾಣದ ಹಾಡೇ. ಹಾಗಾಗಿ ಆ ದಿನಗಳಲ್ಲಿ ಒಬ್ಬ ಮನುಷ್ಯ ‘ನನ್ನದೊಂದು ಆಲ್ಬಂ ಬರ್ತೈತಿ’ ಎಂದರೆ ಎಂಥ ಆಲ್ಬಂ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಯಂಕಣ್ಣನ ಭಾಗ್ಯ, ದೌರ್ಭಾಗ್ಯ ಎರಡೂ ಶುರುವಾದದ್ದು ಅಲ್ಲಿಂದಲೇ.

ನಾನು ಈ ಊರಿನ ಅಂಚೆಯವನು. ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲಿಸಿದರೆ ಇಳಿಯಬಹುದಾದ ಊರು ನಮ್ಮದು. ಬಹಳ ಸಲ ನಿಲ್ಲಿಸುವುದಿಲ್ಲ. ಕಾಗದಗಳು ಕಡಿಮೆಯಾದ ಮೇಲೆ ನನ್ನ ಕೆಲಸವೂ ಕಡಿಮೆಯಾಗಿ, ಊರವರ ವ್ಯವಹಾರವನ್ನು ಗಮನವಿಟ್ಟು ನೋಡಲು ಪುರುಸೊತ್ತು ಸಿಕ್ಕಿದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ನಾನು ಕಂಡದ್ದೇ ಹೆಚ್ಚು. ಕಾಣದ್ದನ್ನು ಕಿಷ್ಟಮ್ಮ ಹೇಳಿದ್ದಾಳೆ, ಅವಳು ಸುಳ್ಳು ಹೇಳುವಷ್ಟು ತಾಳ್ಮೆಯ ಹೆಂಗಸಲ್ಲ.

ಯಂಕಣ್ಣ ಈ ಕಿಷ್ಟಮ್ಮನ ಗಂಡ. ಅರವತ್ತು ಕುರಿ, ಎರಡೆಕರೆ ಹೊಲ ಮತ್ತು ಅಪ್ಪ ಬಿಟ್ಟುಹೋದ ಒಂದು ಡೊಳ್ಳು ಅವನ ಆಸ್ತಿ. ಬೀರಪ್ಪನ ಗುಡಿಯ ಮುಂದೆ ಹಬ್ಬಕ್ಕೆ ಹನ್ನೆರಡು ಡೊಳ್ಳು ಸಾಲಾಗಿ ನಿಲ್ಲುತ್ತವೆ. ಒಂದೊಂದು ಮನೆಗೆ ಒಂದೊಂದು ಜಾಗ. ಮಗನಿಗೆ ಹೊಲ ಹೋಗುವಂತೆ ಆ ಜಾಗವೂ ಹೋಗುತ್ತದೆ. ಯಂಕಣ್ಣನಿಗೂ ಬಂದಿತ್ತು, ಆದರೆ ತಾಳ ಬಂದಿರಲಿಲ್ಲ. ತಾಳ ತಪ್ಪುತ್ತಿದ್ದ ಎಂದರೆ ಅನ್ಯಾಯವಾದೀತು. ತಾಳಕ್ಕಿಂತ ಮೊದಲೇ ಹೋಗಿ ಅದಕ್ಕಾಗಿ ಕಾಯುತ್ತಿದ್ದ. ಎಲ್ಲರೂ ಎರಡನೇ ಪೆಟ್ಟಿಗೆ ಕೈ ಎತ್ತುವಾಗ ಇವನ ಮೂರನೇ ಪೆಟ್ಟು ಬಿದ್ದಿರುತ್ತಿತ್ತು.

“ನಿನ್ನ ಡೊಳ್ಳು ಮಕ್ತಲ್ ಮುಟ್ಟಿದ ಮ್ಯಾಲೆ ನಮ್ಮ ಡೊಳ್ಳು ಊರು ಬಿಡ್ತಾವಲ್ಲೋ” ಎಂದು ಪೆದ್ದಯ್ಯ ಹೇಳುತ್ತಿದ್ದ. ಪೆದ್ದಯ್ಯ ಡೊಳ್ಳಿನ ಮೇಳದ ಹಿರಿಯ, ಗುಡಿಯ ಪೂಜಾರಿಯೂ ಹೌದು. ನಲವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ನಿಂತವನು. ಅವನು ಯಂಕಣ್ಣನನ್ನು ಹಿಂದಿನ ಸಾಲಿಗೆ ತಳ್ಳಿದ, ಆಮೇಲೆ ಹಿಂದಿನ ಸಾಲಿನ ತುದಿಗೆ, ಆಮೇಲೆ ಬೇವಿನ ಮರದ ಮರೆಗೆ. ಆದರೂ ಆ ವರ್ಷದ ಶಿವರಾತ್ರಿಗೆ ಯಂಕಣ್ಣನ ಓಟಕ್ಕೆ ಪಲ್ಲಕ್ಕಿ ಹೊತ್ತವರಲ್ಲಿ ಮುಂದಿನಿಬ್ಬರು ಓಡಿದರು, ಹಿಂದಿನಿಬ್ಬರು ನಡೆದರು, ದೇವರು ನಡುವೆ ವಾಲಿದ. ಪೆದ್ದಯ್ಯ ಅಲ್ಲಿಯೇ ತೀರ್ಪು ಕೊಟ್ಟ.

“ಮಳಿಗಾಲದಾಗ ಬೀರಪ್ಪನ ಬೋನದ ಹಬ್ಬ ಬರ್ತೈತಿ. ಅಷ್ಟರಾಗ ಡೊಳ್ಳು ಗುಡಿಗೆ ಒಪ್ಪಿಸಿಬಿಡು. ನಿಮ್ಮ ಮನಿ ಜಾಗ ಇನ್ನ ಖಾಲಿ.”

ಅಪ್ಪನ ಡೊಳ್ಳು ಗುಡಿಗೆ ಒಪ್ಪಿಸುವುದೆಂದರೆ ಆ ಮನೆಯ ಗಂಡಸರ ಕಾಲ ಮುಗಿಯಿತೆಂದೇ ಊರು ತಿಳಿಯುತ್ತದೆ. ಯಂಕಣ್ಣ ಎರಡು ದಿನ ಅನ್ನ ಬಿಟ್ಟ. ಮೂರನೇ ದಿನ ಹಸಿವಾಯಿತು, ಉಂಡ. ಆದರೆ ದುಃಖ ಹಾಗೆಯೇ ಇತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ತಿಂಗಳು, ಊರ ಹೊರಗಿನ ಮುಚ್ಚಿದ ಶೇಂಗಾ ಮಿಲ್ಲಿನಲ್ಲಿ ಹೈದರಾಬಾದಿನ ಮೂವರು ಬಂದು ಇಳಿದುಕೊಂಡರು. ಮಿಲ್ಲಿನ ಯಜಮಾನರು ಗದ್ವಾಲದವರು, ಅವರ ಮಗ ಚಂದ್ರಕಾಂತ್ ಮೂವರಲ್ಲಿ ಒಬ್ಬ. ಅವನದು ಡ್ರಮ್ಮು. ಭೀಮಶಂಕರ್ ಎಂಬುವನದು ಗಿಟಾರು ಮತ್ತು ಕೂಗು. ಅವನು ತಲೆಗೂದಲಿಗೆ ಎಣ್ಣೆ ಮೆತ್ತಿ ಹಣೆಯ ಮೇಲೆ ಗೋಪುರ ಕಟ್ಟಿಕೊಂಡಿದ್ದ, ಗಾಳಿ ಬೀಸಿದರೂ ಅದು ಅಲುಗುತ್ತಿರಲಿಲ್ಲ. ಮೂರನೆಯವಳು ರೇಷ್ಮಾ. ಆಳೆತ್ತರದ ಪಿಟೀಲನ್ನು ನೆಲಕ್ಕೆ ನಿಲ್ಲಿಸಿ, ತಂತಿಯನ್ನು ಅಂಗೈಯಿಂದ ಚಟಚಟನೆ ಬಡಿಯುತ್ತಿದ್ದಳು. ಹೈದರಾಬಾದಿನಲ್ಲಿ ಪಕ್ಕದ ಮನೆಯವರು ಪೊಲೀಸರಿಗೆ ಹೇಳಿ ಮೂರು ಬಾಡಿಗೆ ಮನೆ ಬಿಡಿಸಿದ್ದರಿಂದ, ಪಕ್ಕದ ಮನೆಯೇ ಇಲ್ಲದ ಮಿಲ್ಲಿಗೆ ಬಂದಿದ್ದರು. ತಮ್ಮ ಮೇಳಕ್ಕೆ ಅವರಿಟ್ಟ ಹೆಸರು ‘ನೋ ಸ್ಟ್ಯಾಂಡಿಂಗ್’. ಮಾಡುತ್ತಿದ್ದ ಆಲ್ಬಮಿನ ಹೆಸರು ‘ರಾಯಚೂರಿಗೆ ಲಾಸ್ಟ್ ಬಸ್’.

ಯಂಕಣ್ಣನ ಕುರಿಗಳು ಆ ಸದ್ದಿಗೆ ಮೇಯುವುದು ಬಿಟ್ಟು ಮಿಲ್ಲಿನ ಗೋಡೆಗೆ ಕಿವಿ ಕೊಟ್ಟು ನಿಂತವು. ಬೈಯಲು ಒಳಗೆ ಹೋದ ಯಂಕಣ್ಣ ಬಾಗಿಲಲ್ಲಿಯೇ ನಿಂತುಬಿಟ್ಟ. ಅವನ ಆಯುಷ್ಯದಲ್ಲಿ ಮೊದಲ ಸಲ, ತನಗಿಂತ ಅವಸರದ ಜನರನ್ನು ನೋಡಿದ್ದ.

“ಇದು ಎಂಥಾ ಹಾಡ್ರೀ?” ಎಂದ.

“ಅಣ್ಣಾ, ಅರವತ್ತು ವರ್ಷದ ಹಿಂದ ಅಮೆರಿಕಾದ ಹಳ್ಳಿ ಕಡೆ ಹುಡುಗ್ರು ತಲಿಗೆ ಎಣ್ಣಿ ಹಚ್ಚಿ ಕುಣೀತಿದ್ರು, ಅದು ರಾಕಬಿಲಿ” ಎಂದು ಚಂದ್ರಕಾಂತ್ ವಿವರಿಸಿದ. “ಆಮ್ಯಾಲೆ ಶಹರದ ಹುಡುಗ್ರಿಗೆ ಎಲ್ಲಾರ ಮ್ಯಾಲೆ ಸಿಟ್ಟು ಬಂದು, ಬಾಜಾ ಇದ್ದದ್ದು ಇದ್ದಂಗ ಓಡಿಸಿ ಒದರಾಕ ಹತ್ತಿದ್ರು. ಅದು ಪಂಕ್. ಇನ್ನೂ ಸಿಟ್ಟು ಬಂದು ಇನ್ನೂ ಜೋರು ಓಡಿಸಿದ್ರು, ಅದು ಹಾರ್ಡ್‌ಕೋರ್. ನಾವು ಎಲ್ಲಾ ಕೂಡಸೀವಿ.”

“ಸಿಟ್ಟು ಯಾರ ಮ್ಯಾಲೆ?”

“ಅದಿನ್ನೂ ಠರಾವು ಆಗಿಲ್ಲಣ್ಣ.”

ಯಂಕಣ್ಣನಿಗೆ ಇದು ಸರಿಯೆನಿಸಿತು. ಮಾರನೇ ದಿನ ಡೊಳ್ಳು ತಂದ. ಅವರು ಬಾರಿಸಿದರು, ಇವನೂ ಬಾರಿಸಿದ. ಅರ್ಧಕ್ಕೆ ಭೀಮಶಂಕರ್ ಕೈ ಎತ್ತಿದ. ಯಂಕಣ್ಣ ರೂಢಿಯಂತೆ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

“ಅಣ್ಣಾ, ಇನ್ನೂ ಸ್ವಲ್ಪ ಜೋರು ಓಡಸಾಕ ಬರ್ತೈತೇನು?”

ಯಂಕಣ್ಣ ಅಳಲಿಲ್ಲ ಎಂದು ಈಗಲೂ ಹೇಳುತ್ತಾನೆ. ಮಿಲ್ಲಿನಲ್ಲಿ ಶೇಂಗಾದ ಹೊಟ್ಟಿನ ಧೂಳು ಬಹಳವಿದ್ದದ್ದು ನಿಜ. ನಾಲ್ಕು ದಿನ ಅವನು ಅಲ್ಲಿ ಬಾರಿಸಿದ, ಅವರು ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡರು. ಐದನೇ ದಿನ ಅವರು ಗಂಟು ಕಟ್ಟಿ ಹೋದರು. ಈ ಆಲ್ಬಂ ಅಂಗಡಿಯಲ್ಲಿ ಸಿಗುವುದಿಲ್ಲ, ಮುನ್ನೂರು ಪ್ರತಿ ಮಾತ್ರ ಮಾಡುತ್ತೇವೆ, ಗೊತ್ತಿದ್ದವರಿಂದ ಗೊತ್ತಿದ್ದವರಿಗೆ ಗುಟ್ಟಾಗಿ ಹೋಗುತ್ತದೆ, ನಿಮಗೊಂದು ಅಂಚೆಯಲ್ಲಿ ಕಳಿಸುತ್ತೇವೆ ಎಂದರು. ಗುಟ್ಟಿನ ಸಾಮಾನು ಎಂದಮೇಲೆ ಊರಿಗೆಲ್ಲ ಹೇಳದಿರಲು ಯಂಕಣ್ಣ ಯಾರು? ಆ ಸಂಜೆಯೇ ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳಿದ.

“ನಂದೊಂದು ಆಲ್ಬಂ ಬರ್ತೈತಿ. ಹೈದರಾಬಾದಿಂದ.”

ಚಹಾದಂಗಡಿಯಲ್ಲಿ ಪಂಚಾಯತಿ ಕಾರ್ಯದರ್ಶಿ ಶಂಕರಯ್ಯನವರು ಕೂತಿದ್ದರು. ಅವರ ಜೇಬಿನಲ್ಲಿ ಮೇಲಿನವರ ಕಾಗದವಿತ್ತು. ಜೂನ್ ಎರಡಕ್ಕೆ ರಾಜ್ಯ ಹುಟ್ಟುತ್ತದೆ, ಅಂದು ಪ್ರತಿ ಊರಿನಲ್ಲೂ ಹೋರಾಟಕ್ಕೆ ಹಾಡಿದ ಒಬ್ಬ ಕಲಾವಿದನಿಗೆ ಶಾಲು ಹೊದಿಸಬೇಕು, ಹೆಸರು ಕಳಿಸಿ ಎಂದು. ನಮ್ಮ ಊರಿನಲ್ಲಿ ಸಿ.ಡಿ. ತರದೆ ಉಳಿದದ್ದೇ ಒಂದು ನಾಚಿಕೆಯಾಗಿತ್ತು. ಎರಡು ವಾರದಿಂದ ನಿದ್ದೆಯಿಲ್ಲದ ಶಂಕರಯ್ಯನವರಿಗೆ ಆ ಮಾತು ಅಮೃತದಂತೆ ಕೇಳಿಸಿತು. ಚಹಾ ಮುಗಿಯುವ ಮೊದಲೇ ಹೆಸರು ಬರೆದುಬಿಟ್ಟರು.

“ಯಂಕಣ್ಣಾ, ಎಷ್ಟು ಹಾಡು?”

“ಹನ್ನೊಂದು, ಸಾರು.”

“ಎಲ್ಲಾ ಹೋರಾಟದ್ದೇನು?”

ಯಂಕಣ್ಣ ಭೀಮಶಂಕರನ ಕುತ್ತಿಗೆಯ ನರಗಳನ್ನು ನೆನೆಸಿಕೊಂಡ. “ಹೋರಾಟನೇ ಸಾರು. ಮೂರೂ ಮಂದಿ ಭಾಳ ಹೋರಾಡ್ಯಾರ” ಎಂದ. ಇದರಲ್ಲಿ ಸುಳ್ಳೇನೂ ಇರಲಿಲ್ಲ.

ಊರಿನಲ್ಲಿ ಒಂದು ಸುದ್ದಿ ಹುಟ್ಟಿದರೆ ಅದು ಬೆಳೆಯಲು ಹಾಲು ಬೇಡ. ಶಾಲು ಎಂದದ್ದು ರಾತ್ರಿಗೆ ಪಿಂಚಣಿಯಾಯಿತು, ಮಾರನೇ ದಿನ ಸರ್ಕಾರಿ ನೌಕರಿಯಾಯಿತು. ವಾರ ಕಳೆಯುವುದರಲ್ಲಿ ಕೋಸಗಿಯಿಂದ ಕಿಷ್ಟಮ್ಮನ ತಂಗಿ ಹಣಮಮ್ಮ ಬಂದಿಳಿದಳು. ಕೈಯಲ್ಲಿ ತನ್ನ ಗಂಡನ ಹತ್ತನೇ ತರಗತಿಯ ಸರ್ಟಿಫಿಕೇಟು.

“ಮಾವಾ, ನೀವು ಆಫೀಸಿನ್ಯಾಗ ಕುಂತ ಮ್ಯಾಲೆ ಬಾಗಲಾ ಕಾಯಾಕರ ಒಬ್ಬ ಬೇಕಲ್ಲ” ಎಂದಳು.

“ನೋಡೂಣು” ಎಂದ ಯಂಕಣ್ಣ. ನೋಡೋಣ ಎನ್ನುವುದರಲ್ಲಿ ಎಷ್ಟು ಸುಖವಿರುತ್ತದೆ ಎಂದು ಅವನಿಗೆ ಅಂದೇ ಗೊತ್ತಾದದ್ದು. ಕಿಷ್ಟಮ್ಮ ಮಾತ್ರ ಹಿಟ್ಟು ನಾದುತ್ತ, “ಇವರಿಗೆ ಆಫೀಸು ಕೊಟ್ರ ಊಟದ ಗಂಟಿ ಹತ್ತಕ್ಕೇ ಹೊಡೀತಾರ” ಎಂದಳು. ಆದರೂ ಶಾಲಿನ ದಿನಕ್ಕೆಂದು ನಾರಾಯಣಪೇಟೆ ಸೀರೆಯೊಂದನ್ನು ತಂಗಿಯಿಂದ ಕಡ ತೆಗೆದುಕೊಂಡಳು.

ಪೆದ್ದಯ್ಯನಿಗೆ ಇದು ನುಂಗಲಾರದ ತುತ್ತಾಯಿತು. ಸರ್ಕಾರವೇ ಶಾಲು ಹೊದಿಸಿದವನ ಡೊಳ್ಳನ್ನು ಮರದ ಮರೆಗೆ ನಿಲ್ಲಿಸುವುದು ಹೇಗೆ? ಒಂದು ಮಧ್ಯಾಹ್ನ ಎಲ್ಲರೆದುರು ಗುಡಿಯ ಕಟ್ಟೆಗೆ ಯಂಕಣ್ಣನನ್ನು ಕರೆಸಿದ.

“ಆ ದಿನ ಸಿ.ಡಿ. ಎಲ್ಲಾರ ಮುಂದ ಹಾಕು. ನಾ ಕೇಳ್ತೀನಿ. ಡೊಳ್ಳು ನಿಂದೇ ಅಂತ ನನ್ನ ಕಿವಿ ಹೇಳಿದ್ರ ಬೋನಕ್ಕ ನಿನ್ನ ಮುಂದಿನ ಸಾಲಿನ್ಯಾಗ ನಿಂದ್ರಸ್ತೀನಿ. ಹೇಳಲಿಲ್ಲಾ, ಅವತ್ತೇ ಡೊಳ್ಳು ಗುಡಿಗೆ.”

“ಆಗಲಿ ಮಾವಾ” ಎಂದ ಯಂಕಣ್ಣ. ಮುಂದಿನ ಸಾಲು ಎಂಬ ಎರಡು ಮಾತು ಕೇಳಿದ ಮೇಲೆ ಅವನಿಗೆ ಉಳಿದದ್ದು ಕೇಳಿಸಿರಲಿಲ್ಲ.

ಮೇ ಕೊನೆಗೆ ಲಕೋಟೆ ಬಂತು, ನಾನೇ ಮುಟ್ಟಿಸಿದೆ. ಸಿ.ಡಿ.ಯ ಮೇಲೆ ಕಪ್ಪು ಬಿಳುಪಿನಲ್ಲಿ ಒಂದು ಟಗರು. ಅದರ ತಲೆಯ ಮೇಲೂ ಎಣ್ಣೆ ಮೆತ್ತಿದ ಕೂದಲಿನ ಗೋಪುರ. ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ಹೆಸರುಗಳು, ಕೊನೆಯದು ಯಂಕಣ್ಣನದು. ಅದನ್ನು ಓದಿ ಹೇಳಿದೆ. ಮೂರು ಸಲ ಓದಿಸಿಕೊಂಡ. ಆಮೇಲೆ ಇಬ್ಬರೂ ಅಂಜಯ್ಯನ ಮೈಕ್‌ಸೆಟ್ ಅಂಗಡಿಗೆ ಹೋದೆವು. ಮದುವೆ, ಸಾವು, ಸಭೆ ಯಾವುದಿದ್ದರೂ ಊರಿಗೆ ಅಂಜಯ್ಯನದೇ ಮೈಕು. ಅವನು ಸಿ.ಡಿ. ಹಾಕಿದ. ಮೊದಲ ಹಾಡು ಮುಗಿದಾಗ ಅಂಜಯ್ಯ ಎದ್ದು ಹೋಗಿ ಯಂತ್ರದ ಹಿಂದಿನ ವೈರುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ ಬಂದ.

“ವೈರು ಸರಿ ಅದಾವು” ಎಂದ. “ಇದು ಹಿಂಗೇ ಐತಿ.”

ನಾವು ಸುಮ್ಮನೆ ಕೂತು ಕೇಳಿದೆವು. ಹನ್ನೊಂದು ಹಾಡು ಹದಿನೇಳು ನಿಮಿಷಕ್ಕೆ ಮುಗಿದವು. ಮೊದಲು ಪಿಟೀಲು ಚಟಚಟ ಎನ್ನುತ್ತ ಕುಣಿಯುವಂತೆ ಹೊರಡುತ್ತದೆ, ಕಾಲು ತಾನಾಗಿ ಅಲುಗುತ್ತದೆ. ಇದು ಪರವಾಗಿಲ್ಲ ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಎಲ್ಲವೂ ಗುಡ್ಡದಿಂದ ಉರುಳಿ, ಭೀಮಶಂಕರ್ ಅದರಡಿ ಸಿಕ್ಕಿದವನಂತೆ ಕೂಗುತ್ತಾನೆ. ಯಾವ ಭಾಷೆಯೆಂದು ಹೇಳಲಾರೆ. ಆ ಎಲ್ಲದರ ನಡುವೆ ಯಂಕಣ್ಣನ ಡೊಳ್ಳು ಇತ್ತು. ಅದು ಚೆನ್ನಾಗಿತ್ತೋ ಕೆಟ್ಟಿತ್ತೋ ಹೇಳುವಷ್ಟು ಹೊತ್ತು ಯಾವ ಹಾಡೂ ಉಳಿಯುತ್ತಿರಲಿಲ್ಲ.

“ತೆಲಂಗಾಣ ಎಲ್ಲೈತಿ ಇದರಾಗ?” ಅಂಜಯ್ಯ ಕೇಳಿದ.

ಯಂಕಣ್ಣ ಬೆವರೊರೆಸಿಕೊಂಡ. ಮಿಲ್ಲಿನೊಳಗೆ ಕೂತು ಬಾರಿಸುವಾಗ ಅದು ಜಗತ್ತಿನಲ್ಲೇ ಸರಿಯಾದ ಸದ್ದಾಗಿ ಕೇಳಿಸಿತ್ತು. ಇಲ್ಲಿ, ಊರ ನಡುವೆ, ಅಂಜಯ್ಯನ ಮುಖ ನೋಡುತ್ತ ಕೇಳಿದರೆ ಬೇರೆಯೇ ಆಗಿತ್ತು. ಅವನು ಮನೆಗೆ ಹೋಗಿ ಜ್ವರ ಬಂದಿದೆ ಎಂದು ಮಲಗಿದ. ಕಿಷ್ಟಮ್ಮ ಹಣೆ ಮುಟ್ಟಿ ನೋಡಿದಳು.

“ಸೀರಿ ಕಡ ತಂದೀನಿ” ಎಂದಳು. “ಜೂನ್ ಮೂರಕ್ಕ ಜ್ವರ ಬರಸ್ಕೋರಿ.”

ಜೂನ್ ಎರಡರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಾವುಟ ಏರಿತು, ಮಕ್ಕಳಿಗೆ ಮಿಠಾಯಿ ಹಂಚಿದರು, ಭಾಷಣವಾಯಿತು. ನಿಜವಾಗಿ ಹೇಳುತ್ತೇನೆ, ಆ ಬೆಳಿಗ್ಗೆ ಊರಿಗೆ ಊರೇ ಸಂತೋಷದಲ್ಲಿತ್ತು. ಆಮೇಲೆ ಶಂಕರಯ್ಯನವರು ಮೈಕಿನ ಮುಂದೆ ನಿಂತು, “ಮನ ಊರಿನ ಕಲಾಕಾರುಡು ಯಂಕಣ್ಣನವರ ಪಾಟಲು ಈಗ ಕೇಳಬೇಕಾಗಿ ಮನವಿ” ಎಂದು ಎರಡು ಭಾಷೆಗೂ ನ್ಯಾಯ ಒದಗಿಸಿದರು. ಯಂಕಣ್ಣ ಮುಂದಿನ ಕುರ್ಚಿಯಲ್ಲಿ ಡೊಳ್ಳನ್ನು ತೊಡೆಯ ಮೇಲಿಟ್ಟು ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಪೆದ್ದಯ್ಯ, ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿಕೊಂಡಿದ್ದ. ಅಂಜಯ್ಯ ದೇವರ ಹೆಸರು ಹೇಳಿ ಗುಂಡಿ ಒತ್ತಿದ.

ಮೊದಲ ಹಾಡಿಗೆ ಯಾರೂ ಉಸಿರೆತ್ತಲಿಲ್ಲ. ಎರಡನೆಯದಕ್ಕೆ ಶಂಕರಯ್ಯನವರ ಬಾಯಿ ತೆರೆಯಿತು, ಮುಚ್ಚಲಿಲ್ಲ. ಮೂರನೆಯದರಲ್ಲಿ ಭೀಮಶಂಕರ್ ಹಾಡುವುದನ್ನು ಪೂರ್ತಿ ಬಿಟ್ಟು, ಡೊಳ್ಳಿನ ಪೆಟ್ಟಿಗೊಂದರಂತೆ ನಾಯಿಯ ಹಾಗೆ ಬೊಗಳತೊಡಗಿದ.

ಈ ಕಡೆ ಮೈಲಾರಲಿಂಗನಿಗೆ ನಡೆದುಕೊಳ್ಳುವವರು ಯಾರೆಂದು ತಿಳಿಯದವರಿಗೆ ಒಂದು ಮಾತು ಹೇಳಬೇಕು. ಮೈಲಾರನ ಹಿಂದೆ ನಾಯಿಗಳಿದ್ದವು. ಅವನ ಒಕ್ಕಲಲ್ಲಿ ಕೆಲವರು ವಗ್ಗಯ್ಯನವರಾಗಿ ಕರಿ ಕಂಬಳಿ ಹೊದ್ದು, ಆ ನಾಯಿಗಳು ತಾವೇ ಎಂದು ದೇವರ ಮುಂದೆ ಬೊಗಳುತ್ತಾರೆ. ಬೊಗಳಿದ ಮೇಲೆ ದೇವರು ಹತ್ತಿರದಲ್ಲೇ ಇದ್ದಾನೆಂದು ಅರ್ಥ. ಆಗ ‘ಸದ್ದಲೇ’ ಎಂದು ಒಬ್ಬರು ಕೂಗುತ್ತಾರೆ, ಸಾವಿರ ಜನವಿದ್ದರೂ ಗಪ್ಪಾಗುತ್ತಾರೆ, ಕಾರಣಿಕದ ಒಂದೇ ಒಂದು ಮಾತು ಹೊರಡುತ್ತದೆ. ಆ ವರ್ಷದ ಮಳೆ, ಬೆಳೆ, ರಾಜರ ಗತಿ ಎಲ್ಲ ಆ ಒಂದು ಮಾತಿನಲ್ಲಿ ಇರುತ್ತದೆ.

ಕಿಷ್ಟಮ್ಮನ ತಾಯಿ ಉರುಕುಂದಮ್ಮ ಎದ್ದು ನಿಂತಳು. ಎಂಬತ್ತರ ಮುದುಕಿ. ಅಳಿಯನ ಹಾಡು ಕೇಳಲೆಂದು ಬಂದವಳು, ಬೊಗಳು ಕೇಳಿದೊಡನೆ ಸೊಂಟದ ಚೀಲದಿಂದ ಭಂಡಾರದ ಅರಿಶಿನ ತೆಗೆದಳು.

“ಏಳುಕೋಟಿಗೋ” ಎಂದು ಮೈಲಾರನ ಜಯಕಾರ ಕೂಗಿ ಸ್ಪೀಕರಿನ ಕಡೆ ನಡೆದಳು.

“ಅವ್ವಾ, ಅದು ಹಾಡು ಅವ್ವಾ” ಎಂದು ಯಂಕಣ್ಣ ಎದ್ದ.

“ಸುಮ್ಮ ಕುಂದ್ರು ಅಳ್ಯಾ. ಹಾಡು ಯಾವುದು ವಗ್ಗಯ್ಯ ಯಾವುದು ನನಗ ಗೊತ್ತಿಲ್ಲೇನು.”

ಅಷ್ಟರಲ್ಲಿ ಮೈದಾನದಲ್ಲಿದ್ದ ಮುದುಕರೆಲ್ಲ ಎದ್ದು ಕೈ ಮುಗಿದಿದ್ದರು. ಮುದುಕರು ಎದ್ದರೆಂದು ಮಧ್ಯವಯಸ್ಕರು ಎದ್ದರು. ಶಂಕರಯ್ಯನವರು ರಾಷ್ಟ್ರಗೀತೆಯ ಹಾಗೆ ನೆಟ್ಟಗೆ ನಿಂತರು, ಇದರ ನಿಯಮ ಅವರ ಕಾಗದದಲ್ಲಿ ಇರಲಿಲ್ಲ. ಉರುಕುಂದಮ್ಮ ಸ್ಪೀಕರಿಗೆ ಅರಿಶಿನ ಎರಚಿದಳು, ಅದು ಸಾಲದೆಂದು ಸಿ.ಡಿ. ತಿರುಗುವ ಯಂತ್ರಕ್ಕೂ ಒಂದು ಹಿಡಿ ಹಾಕಿದಳು. ಅಂಜಯ್ಯ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಹಾಡು ಮುಗಿಯಿತು.

ಆ ಮೌನದಲ್ಲಿ ಪೆದ್ದಯ್ಯ ಎದ್ದು, ಬಲಗೈ ಮೇಲೆತ್ತಿ, ಮೈದಾನ ನಡುಗುವಂತೆ ಕೂಗಿದ.

“ಸದ್ದಲೇ.”

ಮಿಠಾಯಿ ಚೀಪುತ್ತಿದ್ದ ಮಕ್ಕಳೂ ನಿಲ್ಲಿಸಿದರು. ಎಲ್ಲರೂ ಸ್ಪೀಕರನ್ನೇ ನೋಡುತ್ತಿದ್ದರು. ಅದರೊಳಗೆ ಏನೋ ಕರಕರ ಎಂದಿತು, ಮತ್ತು ದೊಡ್ಡದಾಗಿ, ಎಲ್ಲೋ ಗುಹೆಯಿಂದ ಬಂದಂತೆ ಒಂದು ಮಾತು ಹೊರಟಿತು.

“ಮುಗೀತೇನು, ಇನ್ನೂ ಐತೇನು?”

ಅಲ್ಲಿಗೆ ಅರಿಶಿನ ಯಂತ್ರದ ಗಂಟಲಿಗಿಳಿದು ಅದು ನಿಂತೇಹೋಯಿತು.

ಅದು ಯಂಕಣ್ಣನ ದನಿ. ಮಿಲ್ಲಿನಲ್ಲಿ ಹಾಡು ಬಾರಿಸಿ ಮುಗಿಸಿ ಅವನು ಕೇಳಿದ್ದ ಪ್ರಶ್ನೆಯನ್ನು ಆ ಮೂವರೂ ಮಜವಾಗಿದೆಯೆಂದು ಸಿ.ಡಿ.ಯಲ್ಲಿ ಹಾಗೆಯೇ ಬಿಟ್ಟಿದ್ದರು. ಸಿ.ಡಿ. ಮೊದಲೇ ಕೇಳಿದ್ದ ನಮ್ಮ ಮೂವರನ್ನು ಬಿಟ್ಟರೆ ಮೈದಾನದಲ್ಲಿ ಅದನ್ನು ಗುರುತಿಸಿದವಳು ಕಿಷ್ಟಮ್ಮ ಒಬ್ಬಳೇ. ಇಪ್ಪತ್ತು ವರ್ಷದಿಂದ ರೊಟ್ಟಿ ಬಡಿಸುವಾಗ ದಿನಾ ಅದೇ ಪ್ರಶ್ನೆಯನ್ನು ಅದೇ ರಾಗದಲ್ಲಿ ಅವನಿಂದ ಕೇಳಿಸಿಕೊಂಡವಳು ಅವಳು. ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡಿದಳು. ಉಳಿದವರೆಲ್ಲ ಕಾರಣಿಕ ಕೇಳಿದ್ದರು.

ಆಮೇಲೆ ನಡೆದದ್ದು ಅರ್ಥ ಹೇಳುವ ಕೆಲಸ. ರೈತರು, ಬರಗಾಲ ಮುಗೀತೋ ಇನ್ನೂ ಐತೋ ಎಂದು ದೇವರೇ ಯೋಚಿಸುತ್ತಿದ್ದಾನೆ ಎಂದರು. ಹೋರಾಟಕ್ಕೆ ಹೋಗಿ ಬಂದ ಹುಡುಗರು, ಹೋರಾಟ ಮುಗಿದಿಲ್ಲ ಎಂಬ ಎಚ್ಚರಿಕೆ ಇದು ಎಂದರು. ರಾಯಚೂರಿನ ಕಡೆಗೆ ಸಂಬಂಧ ಇದ್ದವರು, ನಮ್ಮ ಕನ್ನಡದ ಮಂದಿ ಯಾವ ರಾಜ್ಯಕ್ಕೆಂದು ಕೇಳಿದ್ದು ಎಂದರು. ದೇವರು ಕನ್ನಡದಲ್ಲೇ ಮಾತಾಡಿದ ಎಂಬುದೇ ಅವರಿಗೆ ಸಾಕಾಗಿತ್ತು. ಶಂಕರಯ್ಯನವರ ಸಂಕಟ ಬೇರೆಯದು. ರಾಜ್ಯ ಹುಟ್ಟಿ ಮೂರು ತಾಸಾಗಿಲ್ಲ, ದೈವವು ಮುಗೀತೇನು ಎಂದು ಕೇಳಿತೆಂದು ಮೇಲಿನವರಿಗೆ ಬರೆಯುವುದು ಹೇಗೆ? ನನ್ನನ್ನು ಪಕ್ಕಕ್ಕೆ ಕರೆದರು.

“ಅಯ್ಯೋ ದೇವುಡಾ, ನೀವೇ ಹೇಳ್ರಿ. ಏನಂತ ಬರೀಲಿ?”

ಕೊನೆಗೆ ಇಬ್ಬರೂ ಕೂಡಿ ‘ಕಾರ್ಯಕ್ರಮ ಜಯಪ್ರದವಾಯಿತು, ಸ್ಥಳೀಯ ದೈವವೂ ರಾಜ್ಯದ ಭವಿಷ್ಯದ ಬಗ್ಗೆ ಆಸಕ್ತಿ ತೋರಿಸಿತು’ ಎಂದು ಬರೆದೆವು. ಅದಕ್ಕೆ ಮೇಲಿನಿಂದ ಉತ್ತರ ಬರಲಿಲ್ಲ.

ಗಲಾಟೆಯ ನಡುವೆ ಯಂಕಣ್ಣನಿಗೆ ಶಾಲು ಹೊದಿಸಿದರು. ಅವನು ಪೆದ್ದಯ್ಯನ ಕಡೆ ತಿರುಗಿದ. ಅವನಿಗೆ ಶಾಲು ಬೇಕಾಗಿರಲಿಲ್ಲ.

“ಮಾವಾ, ಕೇಳಿದ್ರಲ್ಲ. ಡೊಳ್ಳು ನಂದು ಹೌದಲ್ಲ?”

ಪೆದ್ದಯ್ಯ ಜನರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ.

“ಇಂವನ ಕೈ ಎಂಥಾದ್ದು ಅಂತ ಊರಿಗೆ ಗೊತ್ತೈತಿ. ಇವತ್ತು ಬಾರಿಸಿದ್ದು ಇಂವ ಅಲ್ಲ, ಮೈಲಾರಲಿಂಗ. ದೇವರ ಕೈ ಬಿದ್ದ ಡೊಳ್ಳು ಮನಿಯಾಗ ಇಡಬಾರ್ದು. ಗುಡ್ಯಾಗ ಇಡೂಣು.”

“ನಾನೇ ಬಾರಿಸೀನಿ. ಮಿಲ್ಲಿನ್ಯಾಗ. ನಾಕು ದಿನ” ಎಂದ ಯಂಕಣ್ಣ.

“ನೋಡ್ರಿ, ಅಂವಗೇ ಗೊತ್ತಿಲ್ಲ” ಎಂದಳು ಉರುಕುಂದಮ್ಮ, ಅಳಿಯನ ಹಣೆಗೆ ಅರಿಶಿನ ಮೆತ್ತುತ್ತ. “ದೇವರು ಮೈಮ್ಯಾಲೆ ಬಂದವರಿಗೆ ಎಂದಾರ ನೆಪ್ಪು ಇರ್ತೈತೇನು.”

ಹತ್ತು ಜನ ಡೊಳ್ಳನ್ನು ಹೊತ್ತರು, ಏಳುಕೋಟಿ ಎನ್ನುತ್ತ ಗುಡಿಗೆ ಒಯ್ದರು, ಹೂವು ಹಾಕಿದರು. ಪೆದ್ದಯ್ಯ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಊರಿನ ದೊಡ್ಡ ಕಲಾವಿದನಾದ ಯಂಕಣ್ಣ ಶಾಲು ಹೊದ್ದು, ಅರಿಶಿನ ಬಳಿದುಕೊಂಡು, ಬರಿಗೈಯಲ್ಲಿ ಮನೆಗೆ ಬಂದ. ಜನ ಅವನ ಕಾಲು ಮುಟ್ಟುತ್ತಿದ್ದರು. ಅಷ್ಟು ಗೌರವದ ನಡುವೆ ಅಷ್ಟು ಬಡವಾಗಿ ಕಂಡ ಮುಖವನ್ನು ನಾನು ನೋಡಿಲ್ಲ.

ಹದಿನೈದು ದಿನ ಕಳೆಯಿತು. ನೌಕರಿ ಬರಲಿಲ್ಲ, ಹಣಮಮ್ಮ ಸರ್ಟಿಫಿಕೇಟು ಮತ್ತು ಸೀರೆ ಎರಡನ್ನೂ ತೆಗೆದುಕೊಂಡು ಕೋಸಗಿಗೆ ಹೋದಳು. ಆಗ ಚಂದ್ರಕಾಂತನ ಫೋನು ಬಂತು. ಹೈದರಾಬಾದಿನಲ್ಲಿ ಒಂದು ಹಳೆಯ ಗೋದಾಮಿನಲ್ಲಿ ಆಲ್ಬಂ ಬಾರಿಸುತ್ತಾರಂತೆ. ಕೇಳಿದವರೆಲ್ಲ ಆ ಡೊಳ್ಳಿನವನು ಯಾರು ಎಂದೇ ಕೇಳುತ್ತಿದ್ದಾರಂತೆ. ಶನಿವಾರ ಡೊಳ್ಳು ಹಿಡಿದು ಬಸ್ ಹತ್ತಬೇಕಂತೆ. ಯಂಕಣ್ಣ ನನ್ನ ಅಂಚೆಮನೆಯಲ್ಲಿಯೇ ಫೋನು ಹಿಡಿದಿದ್ದ, ಮಾತು ಮುಗಿದ ಮೇಲೂ ಕಿವಿಯಿಂದ ತೆಗೆಯಲಿಲ್ಲ.

“ಡೊಳ್ಳು ಕೇಳಿ ತರ್ತೀನಿ” ಎಂದು ಎದ್ದ. ಜೊತೆಗೆ ನಾನೂ ಹೋದೆ. ಇಂಥದ್ದನ್ನು ಬಿಟ್ಟು ಕೂರುವಷ್ಟು ಕಾಗದ ಅಂದು ಬಂದಿರಲಿಲ್ಲ.

ಪೆದ್ದಯ್ಯ ಗುಡಿಯ ಕಟ್ಟೆಯ ಮೇಲೆ ಒಬ್ಬನೇ ಕೂತು ಕೈಬೆರಳುಗಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನಾನು ಬೇವಿನ ನೆರಳಿನಲ್ಲಿ ನಿಂತೆ. ಯಂಕಣ್ಣ ಮುಂದೆ ಹೋದ.

“ಮಾವಾ, ಡೊಳ್ಳು ಬೇಕಾಗಿತ್ತು.”

“ಅದು ದೇವರದು.”

“ದೇವರು ಬಾರಿಸಿಲ್ಲ ಮಾವಾ. ನಾ ಬಾರಿಸೀನಿ.”

ಪೆದ್ದಯ್ಯ ಸುತ್ತ ನೋಡಿದ. ನನ್ನನ್ನೂ ನೋಡಿದ, ಅಂಚೆಯವನೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

“ನನಗ ಗೊತ್ತೈತಿ” ಎಂದ. “ಮೂರನೇ ಪೆಟ್ಟು ಮೊದಲ ಬಿದ್ದಾಗೇ ಗೊತ್ತಾತು. ಈ ಕಿವಿ ಅಷ್ಟು ಕೆಟ್ಟಿಲ್ಲ.”

“ಮತ್ತ ದೇವರು ಅಂತ ಯಾಕ ಹೇಳಿದ್ರಿ?”

“ನಿಂದು ಅಂದ್ರ ನಿನ್ನ ಮುಂದಿನ ಸಾಲಿನ್ಯಾಗ ನಿಂದ್ರಸಬೇಕಾಗಿತ್ತು. ಅಲ್ಲಿ ನಾ ನಿಂತೀನಿ.” ಬೆರಳು ತಿಕ್ಕುವುದನ್ನು ನಿಲ್ಲಿಸಿದ. “ಈ ಕೈ ಈಗ ಓಡಂಗಿಲ್ಲೋ ಯಂಕ್ಯಾ. ನಿನ್ನ ಬಾಜೂ ನಾ ನಿಂತ್ರ ಎರಡು ದಿನದಾಗ ಊರಿಗೆ ತಿಳೀತೈತಿ. ದೇವರದು ಅಂದ್ರ ಎಲ್ಲಾರೂ ಕೈ ಮುಗೀತಾರ, ನಾ ಬೀಗ ಹಾಕಬೋದು.”

ಯಂಕಣ್ಣನ ತಲೆಗೆ ಮಾತುಗಳು ಒಂದೊಂದಾಗಿ ಇಳಿಯುತ್ತವೆ, ಡೊಳ್ಳಿನ ಹಾಗಲ್ಲ.

“ಹಂಗಾದ್ರ ಮಾವಾ, ಚಲೋ ಇತ್ತೇನ್ರಿ?”

“ಏನು?”

“ನಾ ಬಾರಿಸಿದ್ದು.”

ಪೆದ್ದಯ್ಯ ಬೇರೆ ಕಡೆ ನೋಡಿದ. “ಚಲೋ ಇತ್ತು. ಅದಕ್ಕೇ ಬೀಗ.”

ಯಂಕಣ್ಣ ಬಗ್ಗಿ ಅವನ ಕಾಲು ಮುಟ್ಟಿದ. ತಿರುಗಿ ನಡೆದ. ನಾನು ಹಿಂದಿನಿಂದ ಓಡಬೇಕಾಯಿತು, ಅಷ್ಟು ಜೋರಾಗಿ ಹೋಗುತ್ತಿದ್ದ. ಅಂಗಳದಲ್ಲಿ ಕಿಷ್ಟಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

“ಚಲೋ ಇತ್ತಂತ” ಎಂದ ಯಂಕಣ್ಣ, ಏದುಸಿರು ಬಿಡುತ್ತ. “ಪೆದ್ದಯ್ಯ ಮಾವನೇ ಹೇಳಿದ. ನಾ ಬಾರಿಸಿದ್ದು ಚಲೋ ಇತ್ತಂತ.”

“ಡೊಳ್ಳು ಎಲ್ಲಿ?” ಎಂದಳು ಕಿಷ್ಟಮ್ಮ.

ಯಂಕಣ್ಣ ತನ್ನ ಎರಡೂ ಕೈ ನೋಡಿಕೊಂಡ. ಆಮೇಲೆ ನನ್ನ ಕೈ ನೋಡಿದ.

“ತರೋದು ಮರ್ತೆ” ಎಂದ. ಅಷ್ಟು ಹೇಳಿದರೂ ಮುಖದ ನಗು ಹೋಗಿರಲಿಲ್ಲ.

ಕಿಷ್ಟಮ್ಮ ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ. ಮೊರವನ್ನು ಕೆಳಗಿಟ್ಟು ಗಂಡನ ಮುಖ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯನಿಗೆ ಚಲೋ ಎಂಬ ಮಾತನ್ನು ಯಾರೂ ಹೇಳಿರಲಿಲ್ಲ, ತಾನೂ ಹೇಳಿರಲಿಲ್ಲ ಎಂದು ಅವಳಿಗೆ ಆಗ ನೆನಪಾಯಿತಂತೆ. ಹಾಗೆಂದು ಆಮೇಲೆ ನನಗೆ ಹೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ, ಗುಡಿಯ ಕಡೆ ಹೊರಟಳು.

ಅಲ್ಲಿ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಈ ಊರಿನಲ್ಲಿ ನನಗೆ ಗೊತ್ತಿಲ್ಲದ್ದು ಅದೊಂದೇ, ಮತ್ತು ಅವರಿಬ್ಬರೂ ಈವರೆಗೆ ಬಾಯಿ ಬಿಟ್ಟಿಲ್ಲ. ಹೊತ್ತು ಮುಳುಗುವ ಮೊದಲು ಡೊಳ್ಳು ಮನೆಗೆ ಬಂತು. ಕಿಷ್ಟಮ್ಮ ಮುಂದೆ ಕೈಬೀಸಿಕೊಂಡು ಬರುತ್ತಿದ್ದಳು. ಹಿಂದೆ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು, ಅವಳ ನಡಿಗೆಗೆ ಸಮನಾಗಲಾರದೆ ನಡುವೆ ಎರಡು ಸಲ ನಿಂತು, ಪೆದ್ದಯ್ಯ ಬರುತ್ತಿದ್ದ.